ಅಚ್ಚಿನ ಮೊಳೆ ಕರಗಿಸಿದ ಗುಂಡು

"ಅವ್ವಾ, ಲಗಮಣ್ಣಜ್ಜ ಬಂದೂಕಿನ ಬಾಯಾಗ ಏನ ಹೇಳ್ತಾನ?"

ಐದು ವರ್ಷದ ಬ್ರಾಹ್ಮಿ ಕಟ್ಟೆಯ ಮೇಲೆ ನಿಂತು ಹೀಗೆ ಕೇಳಿದಾಗ ಸ್ನೇಹಲ ಜೋಳದ ಹಿಟ್ಟು ಸಾಣಿಸುತ್ತಿದ್ದಳು. ತಲೆಯೆತ್ತಿ ನೋಡಿದಳು. ಓಣಿಯ ಆಚೆ ತಗಡಿನ ಚಪ್ಪರದ ಕೆಳಗೆ, ಎಪ್ಪತ್ತು ದಾಟಿದ ಲಗಮಣ್ಣ ಕಂಬಾರ ಬಂದೂಕಿನ ನಳಿಗೆಗೆ ಬಾಯಿ ಹಚ್ಚಿ ಊದುತ್ತಿದ್ದ. ಊದಿದವನು ಅದೇ ಬಾಯಿಗೆ ಕಿವಿಯಿಟ್ಟು ಕಣ್ಣು ಮುಚ್ಚಿದ.

"ಏನೂ ಹೇಳಂಗಿಲ್ಲ ಬೇ. ಒಳಗ ಗಾಳಿ ಆಡತೈತಿಲ್ಲೊ ನೋಡ್ತಾನ."

"ಮತ್ತ ಕಿವಿ ಯಾಕ ಇಡ್ತಾನ? ಅದು ಹೊಳ್ಳಿ ಮಾತಾಡತೈತೇನು?"

ಮದುವೆಯಾಗಿ ಕಬ್ಬೂರಿಗೆ ಬಂದು ಏಳು ವರ್ಷವಾದರೂ ಸ್ನೇಹಲಳೂ ಅದನ್ನು ಅವನಲ್ಲಿ ಕೇಳಿರಲಿಲ್ಲ.

ಲಗಮಣ್ಣನ ಹೊಟ್ಟೆ ಹೊರೆಯುತ್ತಿದ್ದದ್ದು ಕಬ್ಬು ಕಡಿಯುವ ಕೊಯ್ತಾಗಳಿಗೆ ಸಾಣೆ ಹಿಡಿಯುವ ಕೆಲಸ. ಬಂದೂಕು ಅಜ್ಜನಿಂದ ಬಂದ ವಿದ್ಯೆ. ಕಬ್ಬಿಗೆ ಬೀಳುವ ಹಂದಿಗಳಿಗೆಂದು ಹಿಂದಿನವರು ಪರವಾನಗಿ ತೆಗೆಸಿದ ಠಾಸಣಿ ಬಂದೂಕುಗಳು ಸುತ್ತಲಿನ ಹಳ್ಳಿಗಳಲ್ಲಿ ಇನ್ನೂ ಹತ್ತೋ ಹನ್ನೊಂದೋ ಉಳಿದಿದ್ದವು. ಬಾಯಿಂದ ಮದ್ದು ಸುರಿದು, ಮೇಲೆ ಸೀಸದ ಗುಂಡಿಟ್ಟು, ಗಜವೆಂಬ ಕಬ್ಬಿಣದ ಸರಳಿನಿಂದ ತಳದವರೆಗೆ ಒತ್ತಿ ಠಾಸಬೇಕು. ನಳಿಗೆಯ ಒಳಗೆ ಸುರುಳಿ ಗೀರುಗಳಿದ್ದರೆ ಉರುಟು ಗುಂಡು ನಡೆಯದು. ಮುಂದೆ ಮೊನೆಯಿರುವ ಉದ್ದ ಗುಂಡು ಬೇಕು, ಅದೂ ಆ ನಳಿಗೆಗೇ ಅಳೆದು ಎರೆದದ್ದು. ಸಡಿಲಾದರೆ ಗುರಿ ತಪ್ಪುತ್ತದೆ, ಬಿಗಿಯಾದರೆ ನಡುದಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ.

"ಮದುವಿ ಇದ್ದಂಗವಾ," ಎನ್ನುತ್ತಿದ್ದ ಲಗಮಣ್ಣ. "ಒಬ್ಬರ ಗುಂಡು ಇನ್ನೊಬ್ಬರ ನಳಗಿಗೆ ಕೂಡೂದಿಲ್ಲ."

ಅವನ ಕಣ್ಣು ಮಂಜಾದ ಮೇಲೆ ಅಳತೆಯ ಅಂಕಿಗಳನ್ನು ಓದಿ ಹೇಳುವ ಕೆಲಸ ಸ್ನೇಹಲಳ ಪಾಲಿಗೆ ಬಂದಿತ್ತು. ಅವಳದು ಜೈನರ ಮನೆ; ಅತ್ತೆ ಲಕ್ಷ್ಮಿಬಾಯಿಗೆ ಅದು ಸೇರುತ್ತಿರಲಿಲ್ಲ.

"ಇರವಿ ತುಳಿದೀವಂತ ನೆಲಾ ನೋಡಿ ನಡಿಯೂ ಮಂದಿ ನಾವು. ಸೊಸಿ ನೋಡಿದ್ರ ಗುಂಡಿಗೆ ಅಳತಿ ಹೇಳಾಕತ್ತಾಳ!"

"ನಾ ಬರೇ ಅಂಕಿ ಓದ್ತೇನ್ರಿ, ಅತ್ತಿ."

"ಅಂಕಿಗೂ ಪಾಪ ಹತ್ತತೈತಿ, ನೋಡಕೋತ ಇರು!"

ಸೀಸ ಕರಗಿಸುವ ಮುನ್ನ ಲಗಮಣ್ಣ ಪ್ರತಿ ತುಂಡನ್ನೂ ಹೆಬ್ಬೆರಳಿನ ಉಗುರಿನಿಂದ ಗೀರಿ ನೋಡುತ್ತಿದ್ದ. ಗೀರು ಮೂಡಿದರೆ ಕರಗಿಸುವ ಸೌಟಿಗೆ ಹಾಕುತ್ತಿದ್ದ. ಮೂಡದಿದ್ದರೆ ಹಾವು ಮುಟ್ಟಿದವನಂತೆ ಗಟಾರಕ್ಕೆ ಎಸೆಯುತ್ತಿದ್ದ. ಯಾಕೆಂದು ಸ್ನೇಹಲ ಒಮ್ಮೆ ಕೇಳಿದಳು. ಕೈಯಲ್ಲಿದ್ದ ಕೊಯ್ತಾಕ್ಕೆ ಸಾಣೆ ಹಿಡಿದು ಮುಗಿಸಿ ಹೇಳಿದ.

ಹದಿನಾರು ವರ್ಷದ ಹಿಂದೆ ಸೀಸ ಸಿಗದೆ, ನಿಪ್ಪಾಣಿಯಲ್ಲಿ ಮುಚ್ಚಿದ್ದ ಒಂದು ಛಾಪಖಾನೆಯಿಂದ ಅಚ್ಚಿನ ಮೊಳೆಗಳನ್ನು ತೂಕಕ್ಕೆ ತಂದಿದ್ದನಂತೆ. ಎಷ್ಟೋ ಲಗ್ನಪತ್ರಿಕೆ, ಎಷ್ಟೋ ಪುಣ್ಯತಿಥಿಯ ಕಾರ್ಡು ಮುದ್ರಿಸಿದ ಅಕ್ಷರಗಳು ಸೌಟಿನಲ್ಲಿ ಒಂದೊಂದಾಗಿ ಮುಖ ಕಳೆದುಕೊಂಡು ನೀರಾದವು. ಆದರೆ ಅದು ಬರೀ ಸೀಸವಲ್ಲ, ಗಟ್ಟಿ ಬೆರಕೆ. ಸೀಸ ಆರಿದಾಗ ಕುಗ್ಗುವಷ್ಟು ಅದು ಕುಗ್ಗುವುದಿಲ್ಲ. ಎರೆದ ಗುಂಡುಗಳು ನೂಲೆಳೆಯಷ್ಟು ಹೆಚ್ಚು ದಪ್ಪ ಬಂದವು. ಎರೆದದ್ದು ಒಂದೇ ಬಂದೂಕಿಗೆ, ತಮ್ಮ ಸಿದ್ದಲಿಂಗನದಕ್ಕೆ.

"'ಅಣ್ಣಾ, ಗುಂಡು ಬಿಗಿ ಬರಾಕತ್ತಾವು' ಅಂದ. 'ಗುಂಡು ಬಿಗಿ ಅಲ್ಲಲೇ, ನಿನ್ನ ರಟ್ಟಿ ಸಡಿಲ ಆಗ್ಯಾವು, ಮೈಭಾರ ಹಾಕಿ ಠಾಸು' ಅಂದ್ನಿ. ನಕ್ಕೋತ ಹ್ವಾದ."

ಆ ಸಂಜೆ ಕಬ್ಬಿಗೆ ಹೋದ ಸಿದ್ದಲಿಂಗ ತಿರುಗಿ ಬರಲಿಲ್ಲ. ಬಂದೂಕೂ ಬರಲಿಲ್ಲ. ಬೋರಗಾಂವದ ಮಗ್ಗದ ಹೆಣ್ಣೊಬ್ಬಳ ಸಂಗಡ ಓಡಿಹೋದನೆಂದು ಊರು ತೀರ್ಮಾನಿಸಿತು. ಅವನ ಹೆಂಡತಿ ಕಸ್ತೂರೆವ್ವ ಅಂದಿನಿಂದ ಮುತ್ತೈದೆಯೂ ಅಲ್ಲದೆ ವಿಧವೆಯೂ ಅಲ್ಲದೆ, ಹಿಂದಿನ ಓಣಿಯಲ್ಲಿ ಒಬ್ಬಳೇ ಇದ್ದಾಳೆ. ಲಗಮಣ್ಣನೂ ಊರಿನ ಮಾತನ್ನೇ ಹಿಡಿದುಕೊಂಡ. ತಮ್ಮ ಓಡಿಹೋದದ್ದೇ ನಿಜವಾದರೆ ತನ್ನ ಗುಂಡಿನ ತಪ್ಪಿಲ್ಲ. ಹಾಗಿದ್ದರೂ ಯಾವುದೇ ನಳಿಗೆ ಕೈಗೆ ಬಂದರೂ ಊದಿ ಕಿವಿಯಿಡುವುದನ್ನು ಬಿಡಲಾಗಲಿಲ್ಲ.

ಮೊನ್ನೆಯ ಸೋಮವಾರ ಉರಿಬಿಸಿಲು. ಓಣಿಯಲ್ಲಿ ನಾಯಿಯೂ ಇರಲಿಲ್ಲ. ಹಳೆ ಬಾವಿಗಳ ಹೂಳೆತ್ತುವ ಭೀಮಸಿ, ಬೈಕಿನ ಹಿಂದೆ ಗೋಣಿಯಲ್ಲಿ ಸುತ್ತಿದ ಉದ್ದನೆಯ ವಸ್ತು ಕಟ್ಟಿಕೊಂಡು ಬಂದ. ಗೋಣಿಯಿಂದ ಕಪ್ಪು ನೀರು ತೊಟ್ಟಿಕ್ಕುತ್ತಿತ್ತು.

"ಕಾಕಾ, ಹಾಳಬಾವಿ ಹೂಳಿನಾಗ ಸಿಕ್ಕೈತ್ರಿ. ಮೋಟಾರ ಪೈಪ ಅನಕೊಂಡಿದ್ನಿ. ನಮ್ಮ ಹುಡುಗೂರು ಅಂಜಿ ದೂರ ನಿಂತ್ರು."

ಮರದ ಹಿಡಿಕೆ ಕೊಳೆತುಹೋಗಿ ಉಳಿದದ್ದು ನಳಿಗೆ ಮಾತ್ರ. ತುಕ್ಕು ಹಿಡಿದು ಮರದ ತೊಗಟೆಯಂತಾಗಿತ್ತು. ಅದರ ಬಾಯಿಂದ ಮೊಳದುದ್ದ ಸರಳೊಂದು ಹೊರಚಾಚಿತ್ತು.

"ಅಜ್ಜಾ, ಮುಟ್ಟಬ್ಯಾಡ್ರಿ. ಠಾಣೆಕ್ಕ ಒಯ್ಯಲಿ," ಎಂದಳು ಸ್ನೇಹಲ.

"ಒಯ್ಯೂನವಾ. ಒಳಗ ಮದ್ದು ಐತೊ ಏನೊ. ಖಾಲಿ ಮಾಡೇ ಒಯ್ಯಬೇಕು. ನೀ ಕೂಸಿನ್ನ ಕರಕೊಂಡು ದೂರ ಸರಿ."

ನಳಿಗೆ ಕೊಯ್ಯುವ ಮುಂಚೆ ಒಳಗಿನ ಮದ್ದು ಪೂರಾ ನೆನೆಯಲೆಂದು ಅದನ್ನು ದನದ ಬಾನಿಯಲ್ಲಿ ಮುಳುಗಿಸಿದ. ಗುಳ್ಳೆಗಳೆದ್ದವು. ಒಂದು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು, ಮತ್ತೆ ಇನ್ನೊಂದು. ನಿಂತಿತು ಎನ್ನುವಷ್ಟರಲ್ಲಿ ದೊಡ್ಡದೊಂದು ಎದ್ದು ನೀರಿನ ಮೇಲೆ ಒಡೆಯಿತು. ಹಳೆಯ ಮದ್ದಿನ ನಾತ ಬಂತು. ಸ್ನೇಹಲ ಮಗಳನ್ನು ಎಳೆದುಕೊಂಡು ಓಣಿಯ ಈಚೆಗೆ ಸರಿದಳು.

"ಅವ್ವಾ, ಅದು ಉಸಿರು ಬಿಡಾಕತ್ತೈತಿ," ಎಂದು ಬ್ರಾಹ್ಮಿ ಅವಳ ಸೆರಗಿನಲ್ಲಿ ಮುಖ ಮುಚ್ಚಿದಳು.

ಸರಳಿನ ಉದ್ದ ಲೆಕ್ಕ ಹಾಕಿ, ಅದರ ತುದಿ ಒಳಗೆ ಎಲ್ಲಿ ನಿಂತಿರಬಹುದೋ ಅಲ್ಲಿಂದ ಬೆರಳುದ್ದ ಕೆಳಗೆ, ಗುಂಡು ದಾಟಿ, ಗುರುತು ಮಾಡಿ, ಲಗಮಣ್ಣ ನೀರು ಬಿಡುತ್ತ ಕಬ್ಬಿಣ ಕೊಯ್ಯುವ ಬ್ಲೇಡಿನಿಂದ ಕೊಯ್ದ. ಗಂಟೆ ಹಿಡಿಯಿತು. ನಳಿಗೆ ಎರಡಾದಾಗ ಕೆಳಗಿನ ತುಂಡಿನಿಂದ ಮದ್ದು ಕರಿ ಕೆಸರಾಗಿ ಸುರಿಯಿತು. ಮೇಲಿನ ತುಂಡನ್ನು ನಾಲ್ಕಾರು ಸಲ ಅಡಿಗಲ್ಲಿಗೆ ಬಡಿದ ಮೇಲೆ ಗುಂಡು ಕೆಳಗೆ ಬಿತ್ತು.

ಅದನ್ನು ಬಾನಿಯಲ್ಲಿ ತೊಳೆದ. ಹದಿನಾರು ಮಳೆಗಾಲ ಕಂಡ ಗುಂಡು ಸೀಸದಂತೆ ಮಸಕಾಗಿರದೆ ಮೀನಿನ ಕಣ್ಣಿನ ಹಾಗೆ ಹೊಳೆಯುತ್ತಿತ್ತು. ಲಗಮಣ್ಣ ಹೆಬ್ಬೆರಳಿನ ಉಗುರು ಊರಿ ಎಳೆದ. ಗೀರು ಮೂಡಲಿಲ್ಲ. ಇನ್ನೊಮ್ಮೆ ಎಳೆದ. ಉಗುರು ಮುರಿಯಿತು, ಗುಂಡು ಹಾಗೆಯೇ ಇತ್ತು.

"ಸಿದ್ದ್ಯಾ..." ಎಂದ, ಯಾರನ್ನೋ ಒಳಮನೆಯಿಂದ ಕರೆಯುವಂತೆ.

ಭೀಮಸಿ ತಲೆಗೆ ಸುತ್ತಿದ ಟಾವೆಲ್ ಬಿಚ್ಚಿ ಕೈಯಲ್ಲಿ ಹಿಡಿದ. "ಆ ಬಾವಿಗೆ ಕಟ್ಟೀನೂ ಇಲ್ರಿ ಕಾಕಾ. ದಂಡಿ ತನಕ ಕಬ್ಬು ಬೆಳದಿರತೈತಿ."

"ಗಜ ಬಂದೂಕಿನ ಬಾಯಾಗ ಸಿಗಸಿಕೊಂಡು ಯಾರರ ಊರು ಬಿಟ್ಟು ಓಡಿ ಹೋಗ್ತಾರೇನಲೇ?" ಲಗಮಣ್ಣ ಗುಂಡನ್ನು ಸರಳಿನ ತುದಿಗೆ ಹಿಡಿದು ತೋರಿಸಿದ. "ಗುಂಡು ಅರ್ಧಕ್ಕ ನಿಂತೈತಿ. ಬೆನ್ನ ಹಿಂದ ಬಾವಿ. ನಾ ಹೇಳಿದಂಗ ಮೈಭಾರ ಹಾಕಿ ಠಾಸ್ಯಾನ. ಕಾಲಾಗಿನ ಮಣ್ಣು ಜರದೈತಿ."

"ಅಜ್ಜಾ, ನೀವು ಬೇಕಂತ ಮಾಡಿದ್ದಲ್ರಿ," ಎಂದಳು ಸ್ನೇಹಲ. ಮಾತು ತನಗೇ ಸಣ್ಣದೆನಿಸಿತು.

"ಬೇಕಂತ ಮಾಡಲಿಲ್ಲವಾ. ಬಿಗಿ ಐತಂದ್ರ ಕೇಳಲಿಲ್ಲ." ಮುರಿದ ಉಗುರು ನೋಡುತ್ತ ಹೇಳಿದ: "ಕಸ್ತೂರಿನ್ನ ಹದಿನಾರು ವರ್ಷ ಊರ ಮಂದಿ ಆಡಕೊಂಡ್ರು, 'ಗಂಡ ಬಿಟ್ಟು ಓಡಿಹ್ವಾದ' ಅಂತ. ನಾ ಬಾಯಿ ಬಿಡಲಿಲ್ಲ. ಅಂವಾ ಓಡಿಹೋಗಿರಲಿ ಅಂತನ ನನಗೂ ಬೇಕಾಗಿತ್ತು."

ಅವನು ಕೈ ತೊಳೆದು, ಒಳಗಿನಿಂದ ತೊಳೆದ ಅಂಗಿ ತಂದು ತೊಟ್ಟ. ನಳಿಗೆಯ ಎರಡೂ ತುಂಡು, ಸರಳು, ಗುಂಡು ಎಲ್ಲವನ್ನೂ ಗೋಣಿಯಲ್ಲಿ ಸುತ್ತಿ ಭೀಮಸಿಯ ಬೈಕಿಗೆ ಕಟ್ಟಿಸಿದ. ಹಿಂದೆ ಹತ್ತಿ ಕೂತವನು ಮತ್ತೆ ಇಳಿದು ಓಣಿ ದಾಟಿ ಬಂದ.

"ತಂಗಿ, ನಾ ಮೊದಲ ಬಾವಿಗೆ ಹೋಗಿ ಕೆಲಸ ನಿಂದರಸ್ತೇನಿ. ಹೂಳಿನಾಗ ಅಂವಾ ಇನ್ನೂ ಅದಾನ. ಆಮ್ಯಾಲ ಠಾಣೆಕ್ಕ ಹೋಗಿ, ಹೊಳ್ಳಿ ಬಂದು ಕಸ್ತೂರಿಗೆ ನಾನ ಹೇಳ್ತೇನಿ. ನನ್ನ ಗುಂಡಿನ ಸುದ್ದೀನೂ ಹೇಳ್ತೇನಿ. ಬ್ಯಾರೇದವರ ಬಾಯಿಂದ ಅಕಿಗೆ ಗೊತ್ತಾಗೂದು ಬ್ಯಾಡ."

"ಆತ್ರಿ ಅಜ್ಜಾ."

"ಇವತ್ತ ಸೋಮಾರ. ಅಂವಾ ಬರಲಿ ಅಂತ ಅಕಿ ಒಪ್ಪತ್ತು ಮಾಡ್ತಾಳ, ಮುಂಜಾನಿಂದ ಬಾಯಾಗ ಏನೂ ಹಾಕಿರಂಗಿಲ್ಲ. ಸುದ್ದಿ ಕೇಳಿದ ಮ್ಯಾಲ ಎಷ್ಟ ದಿನಾ ಉಣ್ಣಂಗಿಲ್ಲೊ. ಏನರ ನೆವಾ ಮಾಡಿ, ನಾ ಬರೂದ್ರಾಗ ಅಕಿಗೆ ಹೊಟ್ಟಿ ತುಂಬ ಉಣಸ್ತಿಯೇನವಾ?"