ಹಲಗೆ ನೆಲದ ಹಾಲ್

ಕುರುಗೋಡಿನಿಂದ ಸಿರುಗುಪ್ಪದ ಕಡೆ ಹೋಗುವ ದಾರಿಯಲ್ಲಿ ನಮ್ಮೂರ ಚರ್ಚು ಇದೆ. ಬಿಳಿಯರ ರಾಣಿ ಕಾಲದ್ದು ಅನ್ನುತ್ತಾರೆ. ಗುಡ್ಡದ ಕಲ್ಲಿನ ಗೋಡೆ, ಚೂಪು ಕಮಾನಿನ ಕಿಟಕಿ, ಕಡಿದಾದ ಹೆಂಚಿನ ಮಾಡು, ಮುಂದಿನ ಗೋಡೆಯ ತಲೆಯ ಮೇಲೆ ಒಂದೇ ಗಂಟೆ ಹಿಡಿಯುವಷ್ಟು ಗೂಡು. ಊರ ಕ್ರೈಸ್ತರೆಲ್ಲ ಕೂತರೆ ಉಸಿರು ಕಟ್ಟುತ್ತದೆ, ಅಷ್ಟು ಸಣ್ಣದು. ಪಕ್ಕದಲ್ಲಿ ಅದೇ ಕಲ್ಲಿನ ಹಾಲ್. ಕಟ್ಟಿಸಿದ ಬಿಳಿ ದೊರೆಗಳು ಚರ್ಚಿಗೆ ಬಂಡೆ ಹಾಸಿ, ಹಾಲ್‌ಗೆ ಮಾತ್ರ ತಮ್ಮ ದೇಶದ ಹಾಗೆ ಹಲಗೆ ನೆಲ ಹಾಕಿಸಿದ್ದರು. ನೆಲದ ಕೆಳಗೆ ಪೊಳ್ಳು. ಒಳಗೆ ಗಾಳಿ ಆಡಿ ಮರ ಒಣಗಿರಲಿ ಎಂದು ಕಟ್ಟೆಯ ಸುತ್ತ ಗೇಣಗಲದ ಕಿಂಡಿಗಳು. ಅವುಗಳ ಕಬ್ಬಿಣದ ಜಾಲರಿ ನಾನು ಸೊಸೆಯಾಗಿ ಬರುವ ಹೊತ್ತಿಗೆ ತುಕ್ಕು ಹಿಡಿದು ಉದುರಿತ್ತು.

ನನ್ನ ಗಂಡ ಚರ್ಚಿನ ಗಂಟೆ ಹೊಡೆಯುತ್ತಿದ್ದ, ನಾನು ಕಸ ಹೊಡೆಯುತ್ತಿದ್ದೆ. ಮನೆ ಹಾಲ್‌ನ ಹಿಂದೆಯೇ. ಅತ್ತೆಗೆ ಮಂಡಿನೋವು, ಎಲ್ಲಿಗೂ ಹೋಗುತ್ತಿರಲಿಲ್ಲ. ಬುಧವಾರ ಮಾತ್ರ ಹಾಲ್‌ಗೆ. ಅಂದು ಹೆಂಗಸರು ಅಲ್ಲಿ ಹಳೆ ಸೀರೆ ಹರಡಿ, ಊರ ಸುದ್ದಿ ಆಡುತ್ತ ಕೌದಿ ಹೊಲಿಯುತ್ತಿದ್ದರು. ಹಲಗೆ ಬೆಚ್ಚಗಿರುತ್ತಿತ್ತು, ಎಷ್ಟು ಹೊತ್ತು ಕೂತರೂ ಅವಳು ತಾನೇ ಏಳುತ್ತಿದ್ದಳು.

ಕಾಲುವೆ ನೀರು ಬಂದು ಸುತ್ತಲ ಜೋಳದ ಹೊಲಗಳು ಭತ್ತದ ಗದ್ದೆಯಾದ ಮೇಲೆ ಹಾವು ಹೆಚ್ಚಾದವು. ಒಂದು ನಾಗರಹಾವು ಕಿಂಡಿಯಿಂದ ಹೊರಬಂದು ನನ್ನ ಕೂಸಿನ ತೊಟ್ಟಿಲ ಕೆಳಗೆ ಹಾದುಹೋಯಿತು. ಆ ಸಲ ಕ್ರಿಸ್‌ಮಸ್‌ಗೆ ಸುಣ್ಣ ಹೊಡೆಯುವಾಗ ಎಲ್ಲ ಕಿಂಡಿಗಳಿಗೂ ಕಲ್ಲು ತುರುಕಿ, ಮಣ್ಣು ಸೆಗಣಿ ಮೆತ್ತಿ, ಸುಣ್ಣ ಬಳಿದು, ಮೇಲೊಂದು ಕೆಮ್ಮಣ್ಣಿನ ಪಟ್ಟೆ ಎಳೆದೆ. ಅವು ಹಾವಿನ ಬಿಲ, ಅಷ್ಟೇ ನನ್ನ ಲೆಕ್ಕ. ಬಂದವರೆಲ್ಲ ಕಟ್ಟೆ ಚೆಂದ ಆಯಿತು ಅಂದರು.

ಕೆಲವು ವರ್ಷಕ್ಕೆ ಹಾಲ್ ಮುಗ್ಗಲು ನಾರತೊಡಗಿತು. ಆಮೇಲೆ ಹಲಗೆ ಕುಸಿಯಿತು. ಬಳ್ಳಾರಿಯಿಂದ ಬಂದ ಬಡಗಿ ನೆಲ ಎತ್ತಿದರೆ, ಕೆಳಗಿನ ತೊಲೆಗಳು ನೆನೆದ ರೊಟ್ಟಿಯಂತೆ ಕೈಗೆ ಬಂದವು.

"ಗಾಳಿಕಿಂಡಿ ಮುಚ್ಚಿದವರು ಯಾರು?" ಚರ್ಚಿನ ಸಭೆಯ ಹಿರಿಯರು ಕೇಳಿದರು.

"ನಾನರೀ. ಹಾವು ಬರತಿತ್ತು."

"ನಮಗೊಂದು ಮಾತು ಹೇಳಬಾರದೇನವಾ?"

"ಹೇಳಿದ್ನಲ್ರಿ. ಬೆಕ್ಕು ಸಾಕು ಅಂದ್ರಿ."

ಎಲ್ಲರೂ ನಕ್ಕರು. ಯಾರೂ ಬಯ್ಯಲಿಲ್ಲ. ಬೈದಿದ್ದರೆ ಒಂದಿಷ್ಟು ಹಗುರಾಗುತ್ತಿತ್ತೇನೋ. ಮತ್ತೆ ಹಲಗೆ ಹಾಕಿಸುವ ಶಕ್ತಿ ಸಭೆಗೆ ಇರಲಿಲ್ಲ. ಪೊಳ್ಳಿಗೆ ಗರಸು ಮಣ್ಣು ತುಂಬಿ ಕಡಪಾ ಬಂಡೆ ಹಾಸಿದರು.

ಮೊದಲ ಬುಧವಾರ ಆ ಬಂಡೆಯ ಮೇಲೆ ಅತ್ತೆ ಗೋಣಿಚೀಲ ಹಾಸಿಕೊಂಡು ಕೂತಳು. ಏಳಲಾಗಲಿಲ್ಲ. ನನ್ನನ್ನು ಕರೆಸಿದರು. ಕಂಕುಳಿಗೆ ಕೈ ಹಾಕಿದೆ.

"ದೂರ ಸರೀಲೇ. ಹೆಣ ಎತ್ತಿದಂಗ ಎತ್ತತೀಯಲ್ಲ."

ಹೆಂಗಸರು ನಕ್ಕರು, ಅವಳೂ ನಕ್ಕಳು. ಮನೆಗೆ ಬಂದು ಮಂಡಿಗೆ ಉಪ್ಪಿನ ಶಾಖ ಕೊಡುವಾಗ ನಗಲಿಲ್ಲ.

"ಬೆಂಚಿನ ಮ್ಯಾಲೆ ಕೂಡ್ರಿ ಅತ್ತಿ."

"ಕೌದಿ ನೆಲದ ಮ್ಯಾಲೆ ಇರತೈತಿ. ನಾ ಮ್ಯಾಲೆ ಕುಂತು ಉಪದೇಶ ಮಾಡ್ಲೇನು?"

ಮುಂದಿನ ಬುಧವಾರ ಸೂಜಿದಾರ ನನ್ನ ಕೈಗಿಟ್ಟಳು. "ನೀ ಹೋಗು. ನಮ್ಮನಿಯಿಂದ ಯಾರೂ ಬರಲಿಲ್ಲ ಅನಬಾರದು."

ಹೋದೆ. ಅವಳು ಕೂರುತ್ತಿದ್ದ ಮೂಲೆಯಲ್ಲೇ ನನಗೆ ಜಾಗ ಬಿಟ್ಟರು. ಬಂಡೆಯ ತಣುಪು ಸೊಂಟದವರೆಗೂ ಏರಿತು. ನನ್ನ ಮಂಡಿಗೇನೂ ಆಗಲಿಲ್ಲ, ವಯಸ್ಸಿತ್ತು. ಹಾವು ಮತ್ತೆ ಬಂದಿದ್ದರೆ ಮತ್ತೆ ಮುಚ್ಚುತ್ತಿದ್ದೆ, ಅದೂ ನಿಜ. ಆದರೂ ಆ ಮೂಲೆಯಲ್ಲಿ ಕೂತಷ್ಟು ಹೊತ್ತು ಕದ್ದ ಜಾಗದಲ್ಲಿ ಕೂತಂತೆಯೇ ಅನಿಸುತ್ತಿತ್ತು.

ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ ಕಾದಿದ್ದಳು. "ಯಾರ್ಯಾರು ಬಂದಿದ್ರು? ಏನೇನಂದ್ರು?"

"ಎಲ್ಲಾರೂ ಬಂದಿದ್ರು. ಏನೋ ಮಾತಾಡಿದ್ರು."

"ಅಷ್ಟ ಏನು?"

"ಅಷ್ಟರೀ."

ಸುದ್ದಿ ಹೇಳುವ ಬಾಯಿ ನನಗಿಲ್ಲ. ಇನ್ನೇನಾದರೂ ಹೇಳಿಯೇನೆಂದು ಅವಳು ನನ್ನ ಮುಖ ನೋಡುತ್ತಲೇ ಕೂತಿದ್ದಳು.