ಎರಡೂ ಕಡೆ ಬರೆದ ಮೇಲೆ

ಜ್ಯೋತ್ಸ್ನಾ ಮೇಗುಂದದ ಮಗಳು, ಸಿರಿಮನೆಯ ಸೊಸೆ. ಕೊಪ್ಪದ ಸಹಕಾರ ಸಂಘದಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸ. ಮೂರೂ ಊರು ಅವಳವೇ, ಸಿಗದೇ ಹೋದದ್ದು ಮಗಳ ಬೆಳಗು ಮಾತ್ರ. ಸನ್ನಿಧಿ ಏಳುವ ಮೊದಲೇ ಬಸ್ಸು ಹಿಡಿಯಬೇಕು, ಮನೆ ಮುಟ್ಟುವಾಗ ಕೂಸಿಗೆ ನಿದ್ದೆ. ಶಾಲೆಗೆ ಜಡೆ ಹಾಕಿ ಕಳಿಸುವವರು ಅತ್ತೆ ಯಮುನಮ್ಮ. ಭಾನುವಾರ ತಾನು ಬಾಚಣಿಗೆ ಹಿಡಿದರೆ, ರಜೆಗೆ ಯಾರಾದರೂ ಜಡೆ ಹಾಕಿಕೊಳ್ತಾರಾ ಎಂದು ಆ ಹುಡುಗಿ ಓಡುತ್ತದೆ! ಒಂದು ಬೆಳಗ್ಗೆಯಾದರೂ ಆ ಕೂದಲು ತನ್ನ ಕೈಗೆ ಸಿಗಲಿ ಎಂದು ತಾಯಿಯ ಜೀವ ಹಂಬಲಿಸುತ್ತಿತ್ತು.

ಕೊಪ್ಪದ ಸರ್ವರ್‌ನಲ್ಲಿ ಬರೆದದ್ದು ನರಸಿಂಹರಾಜಪುರದ ಜೋಡಿ ಸರ್ವರ್‌ನಲ್ಲೂ ಇಳಿಯಬೇಕು. ಅಲ್ಲಿಂದ ‘ಬರೆದಾಯಿತು’ ಎಂಬ ಉತ್ತರ ಬರುವ ತನಕ, ಇಲ್ಲಿ ಗಟ್ಟಿಯಾಗಿ ಬರೆದಿದ್ದರೂ ಯಾರ ಕಣ್ಣಿಗೂ ಕಾಣಿಸದು. ಈ ಕಟ್ಟುನಿಟ್ಟು ಜ್ಯೋತ್ಸ್ನಾಳದ್ದೇ. ತಡವಾಯಿತೆಂದು ಯಾರಾದರೂ ಸಿಡುಕಿದರೆ, “ಕಂಡದ್ದು ಆಮೇಲೆ ಮಾಯ ಆಗ್ಬಾರ್ದಲ್ಲ ಮಾರಾಯ್ರೆ” ಎನ್ನುತ್ತಿದ್ದಳು.

ಸಿರಿಮನೆಗೆ ಹತ್ತಿರದ ಶೃಂಗೇರಿ ಶಾಖೆಯಲ್ಲಿ ಒಂದು ಜಾಗ ಖಾಲಿಯಾಯಿತು. ಕಂಪ್ಯೂಟರಿನಲ್ಲಿ ಮೊದಲು ಹೆಸರು ಹಾಕಿದವರಿಗೆ ವರ್ಗ ಎಂದರು. ಜ್ಯೋತ್ಸ್ನಾ ಹಾಕಿದಳು. ಪರದೆ ಮಿಸುಕಲಿಲ್ಲ. ದಾರಿಯಲ್ಲೆಲ್ಲೋ ಮರ ಬಿದ್ದು ಕೇಬಲ್ ಹರಿದಿತ್ತು, ಆಚೆಯಿಂದ ಉತ್ತರ ಬರುವಂತಿರಲಿಲ್ಲ.

ಆ ಉತ್ತರಕ್ಕೆ ಕಾಯುವುದನ್ನು ಬಿಡು ಎಂದರೆ ಸರ್ವರ್ ಬಿಡುತ್ತದೆ. ಇನ್ನೊಬ್ಬರಿಗೆ ಎಂದೂ ಮಾಡಿಕೊಡದ ಕೆಲಸವನ್ನು ಅವಳು ತನಗೆ ಮಾಡಿಕೊಂಡಳು. ಶೃಂಗೇರಿಯ ಎದುರು ತನ್ನ ಹೆಸರು ಕಂಡದ್ದೇ ತಡ, ಮನೆಗೆ ಫೋನ್ ಮಾಡಿದಳು.

“ಕೂಸೇ, ಬಂತು! ಇನ್ನು ನಿಂಗೆ ಜಡೆ ಹಾಕೋದು ನಾನೇ.”

ಮರುದಿನ ಸಿಡಿಲಿಗೆ ಕೊಪ್ಪದ ಸರ್ವರ್ ಸುಟ್ಟುಹೋಯಿತು. ಕೇಬಲ್ ಇನ್ನೂ ಜೋಡಿಸಿರಲಿಲ್ಲ. ಅದರ ಬದಲಿಗೆ ನರಸಿಂಹರಾಜಪುರದ್ದನ್ನೇ ಮುಖ್ಯ ಸರ್ವರ್ ಮಾಡುವುದು ಹೇಗೆಂದು ಅಲ್ಲಿನ ಗುಮಾಸ್ತ ಯೋಗೇಶನಿಗೆ ಫೋನಿನಲ್ಲಿ ಹೇಳಿಕೊಟ್ಟವಳೂ ಅವಳೇ. ಸ್ವಲ್ಪ ಹೊತ್ತಿಗೆ ಅವನು ಕುಣಿಯುತ್ತಾ ಫೋನ್ ಮಾಡಿದ.

“ಅಕ್ಕಾ, ಶೃಂಗೇರಿ ಜಾಗ ಖಾಲಿನೇ ಇತ್ತು. ನಾನು ಹೆಸರು ಹಾಕ್ಬಿಟ್ಟೆ!”

ಪಕ್ಕದಲ್ಲಿದ್ದ ಮ್ಯಾನೇಜರ್ ದತ್ತಮೂರ್ತಿಯವರಿಗೆ ತಡೆಯಲಾಗಲಿಲ್ಲ. “ನಿನ್ನೆ ಪರದೆಯಲ್ಲಿ ನಿನ್ನ ಹೆಸರು ನಾನೇ ನೋಡಿದ್ನಲ್ಲ ಜ್ಯೋತ್ಸ್ನಾ. ಅವನಿಗೆ ಹೇಳ್ಲಾ?”

ಹೇಳಿ ಎನ್ನಲು ಬಾಯಿ ತೆರೆದಿತ್ತು. ಆದರೂ “ಬೇಡ ಸರ್,” ಎಂದಳು. “ಆ ಕಡೆ ಬರೆಯೋ ಮೊದ್ಲೇ ತೋರಿಸಿದ್ದು ನಾನು.”

ಸಂಜೆ ಬಸ್‌ಸ್ಟ್ಯಾಂಡಿನಿಂದ ಮನೆಗೆ ಫೋನ್ ಮಾಡಿ ಮಗಳಿಗೆ ವಿಷಯ ತಿಳಿಸಿದಳು.

“ಬಂತು ಅಂದಿದ್ಯಲ್ಲ ಅಮ್ಮಾ?”

“ಬಂದಿತ್ತು ಕೂಸೇ.”

“ನಾನು ಟೀಚರಿಗೂ ಹೇಳ್ಬಿಟ್ಟೆ.”