ನಲವತ್ತು ಬಲತೋಳು

ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವ ಆ ಕಾರ್ಖಾನೆಯಲ್ಲಿ ಅವಳ ಹೆಸರು ಗೊತ್ತಿದ್ದದ್ದು ಹಾಜರಿ ಪುಸ್ತಕಕ್ಕೆ ಮಾತ್ರ. ಮಿಕ್ಕವರಿಗೆಲ್ಲ ಅವಳು ಕತ್ತರಿಯಕ್ಕ. ಕಿಟಕಿ ಪಕ್ಕದ ಉದ್ದನೆಯ ಮೇಜು ಅವಳದು. ಇಪ್ಪತ್ತಾರು ವರ್ಷ ಸೊಂಟ ತಾಗಿ ತಾಗಿ ಅದರ ಒಂದು ಅಂಚು ನುಣ್ಣಗಾಗಿತ್ತು. ಬಟ್ಟೆಯನ್ನು ಪದರದ ಮೇಲೆ ಪದರ ಹಾಸಿ, ರಟ್ಟಿನ ಅಳತೆ ಇಟ್ಟು, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಅಲಗಿನ ಯಂತ್ರವನ್ನು ಆ ಗೆರೆಯ ಮೇಲೆ ನಡೆಸಿದಳೆಂದರೆ ಒಂದು ದಾರದೆಳೆಯಷ್ಟೂ ಆಚೀಚೆ ಆಗುತ್ತಿರಲಿಲ್ಲ.

ಅಂಥವಳು ಒಂದು ಬೆಳಿಗ್ಗೆ ನಲವತ್ತು ಬಲತೋಳು ಕತ್ತರಿಸಿಟ್ಟಳು.

ಹೊಲಿಗೆಯವಳು ಬಂದು ಎರಡು ತೋಳು ಎತ್ತಿ ಹಿಡಿದು ನೋಡಿದಳು. ಮತ್ತೆರಡು ನೋಡಿದಳು. "ಅಕ್ಕಾ, ಇದರ ಎಡಗೈ ಎಲ್ಲಿಟ್ಟಿದ್ದೀರಿ?"

"ಅದರಲ್ಲೇ ಇದೆ ನೋಡೇ."

"ಎಲ್ಲಾ ಬಲಗೈನೇ ಇದೆಯಲ್ಲಾ…"

ಬಟ್ಟೆಗೆ ಮುಖ ಒಂದು, ಬೆನ್ನು ಒಂದು. ಹಾಸುವಾಗ ಮುಖಕ್ಕೆ ಮುಖ ಸೇರುವಂತೆ ಮಡಚಿಕೊಂಡು ಬಂದರೆ ಒಂದೇ ಸಲಕ್ಕೆ ಎಡ, ಬಲ ಎರಡೂ ಸಿಗುತ್ತವೆ. ಅವತ್ತು ಅವಳು ನಲವತ್ತು ಪದರವನ್ನೂ ಮುಖ ಮೇಲೆ ಮಾಡಿಯೇ ಹಾಸಿದ್ದಳು. ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೂ ಮಾಡದ ತಪ್ಪು. ಆ ಬಣ್ಣದ ಥಾನು ಬೇರೆ ಅಲ್ಲಿಗೆ ಮುಗಿದಿತ್ತು.

ಮೇಸ್ತ್ರಿ ಬಂದ. ಕೂಗಾಡಲಿಲ್ಲ. ಅದೇ ಅವಳಿಗೆ ಹೆಚ್ಚು ಚುಚ್ಚಿತು.

"ಇವತ್ತು ಬಟ್ಟೆ ಹೋಯ್ತು ಅಕ್ಕ, ನಾಳೆ ಬೆರಳು ಹೋದರೆ? ಒಂದು ತಿಂಗಳು ಗುಂಡಿ ಹೊಲೀರಿ. ಅಷ್ಟರಲ್ಲಿ ಸರಿಹೋದರೆ ಸರಿ. ಇಲ್ಲ ಅಂದ್ರೆ ಮೇಜಿಗೆ ಬೇರೆಯವರನ್ನ ನೋಡಬೇಕಾಗುತ್ತೆ."

"ಕನ್ನಡಕ ಬದಲಾಯಿಸಬೇಕು, ಅಷ್ಟೇ," ಎಂದಳು ಕತ್ತರಿಯಕ್ಕ.

ಕನ್ನಡಕ ನೆಟ್ಟಗೇ ಇತ್ತು. ಎಡವಟ್ಟು ಆದದ್ದು ಹಿಂದಿನ ರಾತ್ರಿ. ಅದರ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. ಅವಳ ಅತ್ತೆ ಹಾಸಿಗೆ ಹಿಡಿದಿದ್ದ ಒಂದು ವರ್ಷ, ರಾತ್ರಿ ಮೂರು ಮೂರು ಸಲ ಎದ್ದು ಅವರ ಮಗ್ಗುಲು ಬದಲಿಸಬೇಕಿತ್ತು. ಬೇಕಾದಾಗ ಅವರು ಮಂಚದ ಕಂಬಿಗೆ ಲೋಟದಿಂದ ಟಣ್ ಟಣ್ ಎಂದು ಬಡಿಯುತ್ತಿದ್ದರು. ಅವರು ಹೋದರು. ಲೋಟ ಅಡುಗೆಮನೆ ಸೇರಿತು. ಕಿವಿ ಮಾತ್ರ ಕಾಯುತ್ತಲೇ ಉಳಿಯಿತು. ಆಗ ಒಬ್ಬ ಡಾಕ್ಟರು ಹದಿನೈದು ದಿನಕ್ಕೆಂದು ಬರೆದುಕೊಟ್ಟ ನಿದ್ದೆ ಗುಳಿಗೆ, ಒಂದೂವರೆ ವರ್ಷವಾದರೂ ತಲೆದಿಂಬಿನ ಪಕ್ಕ ಬಿಟ್ಟು ಕದಲಿರಲಿಲ್ಲ. ಇತ್ತೀಚೆಗೆ ಅದೂ ಸಾಲದಾಗಿತ್ತು.

"ನಿದ್ದೆ ಸರಿಯಿಲ್ಲ" ಎಂದು ಊಟದ ಹೊತ್ತಿನಲ್ಲಿ ಬಾಯಿಬಿಟ್ಟದ್ದೇ ತಡ, ಕಾರ್ಖಾನೆಯವರೆಲ್ಲ ವೈದ್ಯರಾದರು. ಬಿಸಿನೀರಲ್ಲಿ ಕಾಲಿಡಿ ಎಂದ ಇಸ್ತ್ರಿಯಣ್ಣ. ಹಾಲಿಗೆ ಜಾಯಿಕಾಯಿ ತೇಯ್ದು ಕುಡಿಯಿರಿ ಎಂದಳು ಹೊಲಿಗೆಯವಳು. ಗುಂಡಿಗೆ ಕಾಜ ಮಾಡುವವಳಂತೂ ಮರುದಿನವೇ ಒಂದು ಪೊಟ್ಟಣ ತಂದು ಕೈಗಿಟ್ಟಳು. "ಬೇರಿನ ಪುಡಿ ಅಕ್ಕ. ಗಿಡದ್ದು. ಇದರಿಂದ ಏನಾಗುತ್ತೆ?"

ಆ ರಾತ್ರಿ ಅವಳು ಒಂದು ದೊಡ್ಡ ಚೊಂಬು ಹಾಲು ಕುಡಿದಳು, ಎರಡು ಚಮಚ ಪುಡಿ ನುಂಗಿದಳು, ಇದೂ ಒಂದಿರಲಿ ಎಂದು ಎಂದಿನ ಗುಳಿಗೆಯನ್ನೂ ಹಾಕಿಕೊಂಡಳು. ಹಾಲು ಎರಡು ಸಲ ಬಚ್ಚಲಿಗೆ ಓಡಿಸಿತು. ಪುಡಿ, ಗುಳಿಗೆ ಎರಡೂ ಸೇರಿ ಬೆಳಿಗ್ಗೆ ಹನ್ನೊಂದರವರೆಗೆ ತಲೆಯೊಳಗೆ ಹತ್ತಿ ತುರುಕಿದವು. ಆ ಹತ್ತಿಯ ತಲೆ ಹೊತ್ತುಕೊಂಡೇ ಅವಳು ತೋಳಿನ ಬಟ್ಟೆ ಹಾಸಿದ್ದಳು.

ಗುಂಡಿಯ ಸ್ಟೂಲಿಗೆ ಹೋದ ದಿನ ಸಂಜೆ, ಸಿಟ್ಟಿನಲ್ಲಿ ಪುಡಿಯನ್ನೂ ಗುಳಿಗೆಯನ್ನೂ ಕಸದ ಬುಟ್ಟಿಗೆ ಎಸೆದಳು. ಇನ್ನು ಸಾಕು ಎಂದುಕೊಂಡಳು. ಸಾಕಾಗಲಿಲ್ಲ. ಮೂರು ದಿನ ಕಣ್ಣಿಗೆ ಕಣ್ಣು ಹತ್ತಲಿಲ್ಲ, ಎದೆ ಸುಮ್ಮಸುಮ್ಮನೆ ಹೊಡೆದುಕೊಂಡಿತು, ಸೂಜಿಗೆ ದಾರ ಪೋಣಿಸಲೂ ಕೈ ನಿಲ್ಲಲಿಲ್ಲ.

ಮೊದಲು ಕಂಡದ್ದು ಸೊಸೆಗೆ. ಒಂಬತ್ತು ತಿಂಗಳ ಪುಟ್ಟಿಗೆ ಗಂಜಿ ತಿನ್ನಿಸುತ್ತಿದ್ದವಳು ಅತ್ತೆಯ ಕೈಯಲ್ಲಿ ಕಾಫಿ ತುಳುಕುವುದನ್ನು ನೋಡಿದಳು. ಚಮಚ ಕೆಳಗಿಟ್ಟು, ಕಪಾಟಿನ ಮೇಲಿನ ಡಬ್ಬಿಯಿಂದ ಗುಳಿಗೆಯ ಪಟ್ಟಿಯನ್ನೂ ಪೊಟ್ಟಣವನ್ನೂ ತೆಗೆದಳು.

"ಬುಟ್ಟಿಯಲ್ಲಿ ಸಿಕ್ತು ಅತ್ತೆ. ಇವಳು ಈಗ ಅಂಬೆಗಾಲಿಡ್ತಾಳೆ, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ."

ಕತ್ತರಿಯಕ್ಕ ಕಾಫಿ ಲೋಟ ಕೆಳಗಿಟ್ಟಳು. "ಅಯ್ಯೋ, ನನ್ನ ಬುದ್ಧಿಗಿಷ್ಟು…"

"ಬೈಕೊಳ್ಳೋದು ಆಮೇಲೆ. ಈಗ ಸೀರೆ ಬದಲಾಯಿಸಿ, ಡಾಕ್ಟರ ಹತ್ರ ಹೋಗೋಣ."

ಕ್ಲಿನಿಕ್ಕಿನ ಡಾಕ್ಟರಮ್ಮ ಸೊಸೆಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಎಲ್ಲವನ್ನೂ ಕೇಳಿಸಿಕೊಂಡು, "ನೀವು ಏನು ಕೆಲಸ ಮಾಡ್ತೀರಿ ಅಮ್ಮ?" ಎಂದಳು.

"ಬಟ್ಟೆ ಕತ್ತರಿಸ್ತೀನಿ."

"ಥಾನನ್ನ ಕೈಯಲ್ಲಿ ಎಳೆದು ಹರೀತೀರಾ?"

"ಛೇ! ಅಳತೆ ಇಟ್ಟು, ಗೆರೆ ಹಾಕಿ…"

"ಗುಳಿಗೆಯನ್ನ ಮಾತ್ರ ಹರಿದುಬಿಟ್ಟಿರಿ. ಅದಕ್ಕೇ ಈ ನಡುಕ. ಇಷ್ಟು ದಿನ ತಗೊಂಡಿದ್ದನ್ನ ಒಂದೇ ಸಲ ಬಿಡಬಾರದು. ಇದಕ್ಕೂ ಗೆರೆ ಹಾಕೋಣ." ಮೊದಲ ಎರಡು ವಾರ ಎಂದಿನಷ್ಟೇ, ಆಮೇಲೆ ಎರಡೆರಡು ವಾರಕ್ಕೆ ಕಾಲು ಭಾಗ ಕಡಿಮೆ, ನಡುನಡುವೆ ಬಂದು ತೋರಿಸಬೇಕು, ಒಟ್ಟು ಎರಡು ತಿಂಗಳು ಎಂದು ಚೀಟಿಯಲ್ಲಿ ಬರೆದಳು. ಪೊಟ್ಟಣವನ್ನು ತಿರುಗಿಸಿ ನೋಡಿ ಪಕ್ಕಕ್ಕಿಟ್ಟಳು. "ಒಳಗೆ ಏನೇನಿದೆ ಅಂತ ಎಲ್ಲೂ ಬರೆದಿಲ್ಲ. ಗಿಡದ್ದು ಅಂದ ಮಾತ್ರಕ್ಕೆ ಸಾಧು ಅಂತಲ್ಲ. ಗುಳಿಗೆ ಜೊತೆಗಂತೂ ಬೇಡವೇ ಬೇಡ."

"ಹಾಲು?"

"ಕುಡೀರಿ. ಚಿಕ್ಕ ಲೋಟದಲ್ಲಿ. ಚೊಂಬು ಬೇಡ."

ಸೊಸೆ ನಗು ತಡೆಯಲು ಪುಟ್ಟಿಯ ಟೋಪಿ ಸರಿಮಾಡಿದಳು.

ಮಿಕ್ಕ ಮಾತುಗಳು ಸಣ್ಣವು, ಪಾಲಿಸಲು ಕಷ್ಟದವು. ನಿದ್ದೆ ಬರಲಿ ಬಿಡಲಿ, ದಿನಾ ಒಂದೇ ಹೊತ್ತಿಗೆ ಏಳಬೇಕು. ಮಧ್ಯಾಹ್ನ ತೂಕಡಿಸಬಾರದು. ಊಟದ ನಂತರದ ಕಾಫಿ ಬಿಡಬೇಕು. ನಿದ್ದೆ ಬಂದಾಗಲೇ ಮಲಗಬೇಕು, ಬಾರದಿದ್ದರೆ ಹೊರಳಾಡದೆ ಎದ್ದು ಕೂರಬೇಕು. ಗಡಿಯಾರವನ್ನು ಗೋಡೆಯ ಕಡೆ ತಿರುಗಿಸಬೇಕು. ಮಲಗಿದ್ದು, ಎದ್ದದ್ದು ಬರೆದಿಡಬೇಕು.

ಬರೆಯುವುದಕ್ಕೆ ಪುಸ್ತಕ ಮನೆಯಲ್ಲೇ ಇತ್ತು. ಪುಟ್ಟಿ ಹುಟ್ಟಿದಂದಿನಿಂದ ಸೊಸೆ ಅವಳ ದಿನಚರಿ ಬರೆಯುತ್ತಿದ್ದಳು: ಮಲಗಿದ್ದು, ಎದ್ದದ್ದು, ಅತ್ತದ್ದು. ಈಗ ಎದುರಿನ ಪುಟ ಅಜ್ಜಿಯ ಪಾಲಾಯಿತು: ಮಲಗಿದ್ದು, ಎದ್ದದ್ದು, ಬೈದದ್ದು.

"ಬೈದದ್ದು ಯಾಕೇ ಅದರಲ್ಲಿ?"

"ನಿದ್ದೆ ಕೆಟ್ಟ ದಿನ ನೀವು ಎಷ್ಟು ಬೈತೀರಿ ಅಂತ ನಮಗೂ ಲೆಕ್ಕ ಬೇಡವಾ?"

ಒಂದು ಮುಳ್ಳು ಮಾತ್ರ ಉಳಿದಿತ್ತು. ಡಾಕ್ಟರಮ್ಮ ಕೊಟ್ಟದ್ದು ಎರಡು ತಿಂಗಳು, ಮೇಸ್ತ್ರಿ ಕೊಟ್ಟದ್ದು ಒಂದು. ಮರುದಿನ ಕತ್ತರಿಯಕ್ಕ ಮೇಸ್ತ್ರಿಯ ಮುಂದೆ ನಿಂತು, ಕನ್ನಡಕದ ಸುಳ್ಳನ್ನು ವಾಪಸ್ಸು ತೆಗೆದುಕೊಂಡು, ಗುಳಿಗೆಯ ಕತೆಯನ್ನು ಮೊದಲಿನಿಂದ ಹೇಳಿದಳು. ಅವನು ಅಳತೆಯ ಟೇಪನ್ನು ಬೆರಳಿಗೆ ಸುತ್ತಿದ, ಬಿಚ್ಚಿದ.

"ಮೊದಲೇ ಹೇಳೋಕೆ ಏನಾಗಿತ್ತು ಅಕ್ಕ? ಆಯ್ತು, ಎರಡು ತಿಂಗಳು. ಅಲ್ಲಿವರೆಗೆ ನಾನೇ ಕತ್ತರಿಸ್ತೀನಿ."

ಅವನು ಕತ್ತರಿಸಿದ ಕಾಲರುಗಳನ್ನು ನೋಡಿ ಹೊಲಿಗೆಯವಳು, "ಇದು ಅಂಗಿಗಾ, ಆನೆಗಾ?" ಎಂದು ಕೇಳಿದಳಂತೆ. ಕಾರ್ಖಾನೆಯಲ್ಲೆಲ್ಲ ಕತ್ತರಿಯಕ್ಕ ಬೇಗ ಗುಣವಾಗಲಿ ಎಂದು ಹಾರೈಸುವವರು ಹೆಚ್ಚಾದರು.

ಮುಕ್ಕಾಲಿಗೆ ಇಳಿದ ವಾರ ಒದ್ದಾಡಿದಳು. ಅರ್ಧಕ್ಕೆ ಇಳಿದಾಗ ಬೈದದ್ದರ ಅಂಕಣ ತುಂಬಿ ಪುಟದ ಅಂಚಿಗೆ ಬಂತು. ಮೂರು ಗಂಟೆಗೆ ಟಣ್ ಎಂದಂತಾಗಿ ಎಚ್ಚರಾದರೆ, ಎದ್ದು ಕುರ್ಚಿಯಲ್ಲಿ ಕೂತು ಪುಟ್ಟಿಯ ಬಟ್ಟೆ ಮಡಚುತ್ತಿದ್ದಳು. ಒಂದು ಸಲ ಹಾಗೇ ಕೂತಾಗ ಮನಸ್ಸಿನಲ್ಲೇ, 'ಎಲ್ಲ ಸರಿಯಿದೆ ಅತ್ತೆ, ನೀವು ಮಲಗಿ' ಎಂದುಕೊಂಡಳು. ಯಾಕೆಂದು ಅವಳಿಗೂ ಗೊತ್ತಿಲ್ಲ. ಆಮೇಲೆ ಟಣ್ ಎನ್ನುವುದು ಅಪರೂಪವಾಯಿತು. ಕಾಲು ಗುಳಿಗೆಗೆ ಬರುವಷ್ಟರಲ್ಲಿ ಮಧ್ಯಾಹ್ನ ಸೂಜಿಯ ಕಣ್ಣು ಮೊದಲಿನಷ್ಟೇ ದೊಡ್ಡದಾಗಿ ಕಾಣತೊಡಗಿತು. ಕೊನೆಗೆ ಆ ಕಾಲು ಭಾಗವೂ ನಿಂತಿತು.

ದೊಡ್ಡ ಆರ್ಡರಿನ ಬಟ್ಟೆ ಬಂದಿಳಿಯಿತು. "ನಾಳೆ ಮೇಜಿಗೆ ಬನ್ನಿ," ಎಂದ ಮೇಸ್ತ್ರಿ. ಆ ಸಡಗರಕ್ಕೋ ಹೆದರಿಕೆಗೋ, ಅವತ್ತು ಸಿಕ್ಕಿದ್ದು ನಾಲ್ಕೇ ಗಂಟೆ ನಿದ್ದೆ. ಬೆಳಿಗ್ಗೆ ಮೇಜಿನ ಮುಂದೆ ನಿಂತಳು. ಹೊಸ ಬಟ್ಟೆಯ ವಾಸನೆ. ಯಂತ್ರಕ್ಕೆ ಹೊಸ ಅಲಗು. ಹತ್ತು ಜನರ ಕಣ್ಣು. ಅವಳು ಕೈ ಹಿಂದಕ್ಕೆಳೆದುಕೊಂಡಳು.

"ಇವತ್ತು ಬೇಡ. ರಾತ್ರಿ ನಿದ್ದೆ ಕಡಿಮೆ ಆಯ್ತು. ನಾಳೆ ಕತ್ತರಿಸ್ತೀನಿ."

ಮೇಸ್ತ್ರಿ ಗೊಣಗಿದ. ಆದರೆ ಅವಳ ಬೆರಳುಗಳನ್ನೊಮ್ಮೆ ನೋಡಿ ತಲೆಯಾಡಿಸಿದ. "ನಾಳೆ, ತಪ್ಪಿಸಬೇಡಿ."

ಮರುದಿನ ಬೆಳಿಗ್ಗೆ ಸೊಸೆ ಕೆಂಪು ಕಣ್ಣು ಉಜ್ಜಿಕೊಳ್ಳುತ್ತ ಪುಸ್ತಕ ತೆರೆದಳು. "ಎಷ್ಟು ಸಲ ಎದ್ರಿ ಅತ್ತೆ?"

"ಎದ್ದೆನಾ? ಇಲ್ವಲ್ಲ. ಯಾಕೆ, ನಿನ್ನ ಕಣ್ಣು ಹಾಗಾಗಿದೆ?"

"ಪುಟ್ಟಿಗೆ ಹಲ್ಲು ಬರ್ತಿದೆ. ಮೂರು ಸಲ ಮನೆ ಹಾರಿಹೋಗೋ ಹಾಗೆ ಕಿರುಚಿದಳು. ನಿಮಗೆ ಕೇಳಿಸಲೇ ಇಲ್ವಾ?"

ಕತ್ತರಿಯಕ್ಕ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಸೊಸೆ ಎಡ ಪುಟದಲ್ಲಿ 'ಅತ್ತದ್ದು: ಮೂರು' ಎಂದು ಬರೆದು, ಬಲ ಪುಟದಲ್ಲಿ 'ಎದ್ದದ್ದು' ಎನ್ನುವುದರ ಮುಂದೆ ಒಂದು ಉದ್ದನೆಯ ಗೆರೆ ಎಳೆದಳು.

ಅವತ್ತು ಕತ್ತರಿಯಕ್ಕ ಮುಖಕ್ಕೆ ಮುಖ ಸೇರಿಸಿ ಬಟ್ಟೆ ಹಾಸಿದಳು, ಪ್ರತಿ ಪದರದ ಮೂಲೆಗೂ ಸೀಮೆಸುಣ್ಣದ ಚುಕ್ಕೆ ಇಟ್ಟಳು, ಅಲಗನ್ನು ಗೆರೆಯ ಮೇಲೆ ನಡೆಸಿದಳು. ಮೇಸ್ತ್ರಿ ರಾಶಿಯಿಂದ ಎರಡು ತೋಳು ಎತ್ತಿ, ಎಡಕ್ಕೊಂದು ಬಲಕ್ಕೊಂದು ತನ್ನ ಭುಜಕ್ಕೇ ಹಿಡಿದುಕೊಂಡು ಎಲ್ಲರಿಗೂ ತೋರಿಸಿದ.

"ಈ ಸಲ ಮಕ್ಕಳಿಗೆ ಎರಡೂ ಕೈ ಇವೆ ಕಣ್ರಪ್ಪಾ!"

"ಅದನ್ನ ಅಲ್ಲಿಡಪ್ಪ, ಮಡಿಕೆ ಬೀಳುತ್ತೆ," ಎನ್ನುತ್ತ ಕತ್ತರಿಯಕ್ಕ ಸೊಂಟವನ್ನು ಮೇಜಿನ ನುಣ್ಣನೆಯ ಅಂಚಿಗೆ ತಾಗಿಸಿ, ಮುಂದಿನ ಥಾನು ಬಿಚ್ಚಿದಳು.